ಮಂಗಲಕ್ಕನಿಗೆ ಆ ಕಾದಂಬರಿ ಕೊಡಬೇಕೋ ಬೇಡವೋ

ಇನ್ನೊಬ್ಬರ ಎದೆ ಎಷ್ಟು ಗಟ್ಟಿ ಎಂದು ಅಳೆಯುವ ಕೆಲಸದಲ್ಲಿ ನಮಗೆಲ್ಲ ಎಲ್ಲಿಲ್ಲದ ಉತ್ಸಾಹ. ‘ಪಾಪ, ಅವರು ತಡೆದುಕೊಳ್ಳಲಾರರು’ ಎಂದು ಪಿಸುಗುಟ್ಟುವಾಗ, ತಡೆದುಕೊಂಡವರ ಪಟ್ಟಿಯಲ್ಲಿ ನಮ್ಮ ಹೆಸರನ್ನು ನಾವೇ ಬರೆದುಕೊಂಡಿರುತ್ತೇವೆ. ಆ ಪಟ್ಟಿಯಲ್ಲಿ ನನ್ನ ಹೆಸರು ಶುದ್ಧ ಸುಳ್ಳು. ಚಿತ್ತಾಕುಲದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು. ಪದ್ಯ ಓದುವಾಗ ಗಂಟಲು ಕಟ್ಟಿದರೆ ಸೀಮೆಸುಣ್ಣದ ಧೂಳಿನ ಮೇಲೆ ಹಾಕಿ ಬಚಾವಾಗುತ್ತೇನೆ. ಹೆಂಡತಿ ಧಾರಾವಾಹಿ ಹಚ್ಚಿದ ಕೂಡಲೇ ಈರುಳ್ಳಿ ಹೆಚ್ಚಲು ಕೂರುತ್ತೇನೆ. ಮನೆಗೆಲಸಕ್ಕೆ ಕೈಜೋಡಿಸುವ ಗಂಡ ಎಂದು ಕೇರಿಯಲ್ಲಿ ನನಗೆ ಒಳ್ಳೆಯ ಹೆಸರೇ ಇದೆ.

ತಿಂಗಳಿಗೊಂದು ಭಾನುವಾರ ಅಂಕೋಲೆಯ ಶಾಂತಾ ಅಕ್ಕೋರ ಜಗಲಿಯಲ್ಲಿ ನಾವು ಐದಾರು ಓದುಗರು ಸೇರುತ್ತೇವೆ. ಅಕ್ಕೋರು ಶಾಲೆಯ ಕೆಲಸದಿಂದ ನಿವೃತ್ತರಾದರೂ ಹಾಜರಿ ಕರೆಯುವ ಚಾಳಿ ಬಿಟ್ಟಿಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಮಂಗಲಕ್ಕನನ್ನು ಅಲ್ಲಿಗೆ ಕರೆದೊಯ್ದವನು ನಾನೇ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವಳು ಬೇಳೆ ಬೇಯುವಷ್ಟರಲ್ಲಿ ಒಂದು ಅಧ್ಯಾಯ ಮುಗಿಸುತ್ತಾಳೆ. ಹಾಗಾಗಿ, ಯಾವತ್ತೋ ಸರಕಾರ ನಿಷೇಧಿಸಿದ್ದ ಒಂದು ಕಾದಂಬರಿ ನಮ್ಮ ಕೈಗೆ ಬಂದಾಗ ಅವಳು ಮೊದಲೇ ಹೇಳಿಟ್ಟಳು: “ನಿಮ್ಮದೆಲ್ಲ ಆದ್ಮೇಲೆ ನಂಗೆ.”

ಜ್ವರದಲ್ಲಿ ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳು ದೇವರ ಕೋಣೆಗೆ ಬೀಗ ಜಡಿಯುವ ಕಥೆ ಅದು. ದೇವರು ಏನೂ ಅಂದಿರಲಿಲ್ಲ, ಅವನ ಪರವಾಗಿ ಕೆಲವರಿಗೆ ಸಿಟ್ಟು ಬಂದಿತ್ತು. ನಿಷೇಧ ಹೋಗಿ ಎಷ್ಟೋ ಕಾಲವಾದರೂ ಪುಸ್ತಕಕ್ಕೆ ಅಡಗಿ ಕೂರುವುದೇ ಅಭ್ಯಾಸವಾಗಿ, ನಮಗೆ ಸಿಕ್ಕಿದ್ದು ಮಸುಕಾದ ಝೆರಾಕ್ಸ್ ಪ್ರತಿ. ತೊಂದರೆ ಅದಲ್ಲ. ಮಂಗಲಕ್ಕನ ಒಬ್ಬಳೇ ಮಗಳು ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದೇ ತೀರಿಕೊಂಡಿದ್ದಳು.

ಮಂಗಲಕ್ಕ ಬಾರದ ಒಂದು ಭಾನುವಾರ ಚರ್ಚೆ ನಡೆಯಿತು. “ಹೆಂಗಸಿನ ಗಾಯ ಕೆದಕೂದು ಯಾಕೆ?” ಎಂದರು ಅಂಚೆ ಕಚೇರಿಯ ಗಣಪತಿ. “ಹಂಗಂತ ಅವಳಿಗೆ ಕೊಡೂದು ಬ್ಯಾಡ ಅಂತ ಹೇಳೂಕೆ ನಾವು ಯಾರೋ?” ಎಂದರು ಅಕ್ಕೋರು. ನಾನು ಎದ್ದು ನಿಂತು, ಸಾಹಿತ್ಯದ ಜವಾಬ್ದಾರಿಯ ಬಗ್ಗೆ ಹದಿನೈದು ನಿಮಿಷ ಮಾತಾಡಿ, ಕೊಡಬಾರದೆಂದು ಎಲ್ಲರನ್ನೂ ಒಪ್ಪಿಸಿದೆ. ಸರಕಾರ ಮಾಡಿದ್ದನ್ನೇ ನಾವೂ ಮಾಡಿದೆವೆಂದು ಆಗ ಹೊಳೆಯಲಿಲ್ಲ. ಓದುಗರಿಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ: ಕಥೆಯ ಮಗುವಿಗೆ ಜ್ವರ ಏರಿದ ಪುಟದಲ್ಲೇ ನಾನು ಪುಸ್ತಕ ಮುಚ್ಚಿದ್ದೆ.

ಸುದ್ದಿ ಮುಟ್ಟಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಮರುದಿನ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು, “ಅದು ಬೈಂಡಿಂಗಿಗೆ ಹೋಗಿದೆ ಮಂಗಲಕ್ಕ” ಎಂದೆ. ಅವಳು ಸೌಟು ಕೆಳಗಿಡಲಿಲ್ಲ.

“ನನ್ನ ಮಗಳು ಹೋಗಿದ್ದು ನಂಗೆ ಗೊತ್ತಿಲ್ಲ ಅಂತ ಮಾಡಿದ್ರಾ ಮಾಸ್ತರೆ? ನೀವು ಪುಸ್ತಕ ಮುಚ್ಚಿಟ್ರೆ ಅವ್ಳು ನೆನಪಾಗೂದಿಲ್ವಾ? ಆಕೆ ಹೋದ್ಮೇಲೆ ಯಾರೂ ನನ್ನ ಹತ್ರ ಅವಳ ಹೆಸರು ಎತ್ತೂದಿಲ್ಲ. ಪುಸ್ತಕನಾದ್ರೂ ಮಾತಾಡ್ಲಿ.”

ನಾನು ಚೀಲದಿಂದ ಪುಸ್ತಕ ತೆಗೆದು ಕೊಟ್ಟೆ. ಬೈಂಡಿಂಗಿನ ಸುದ್ದಿಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮುಂದಿನ ಸಭೆಗೆ ಅವಳು ಬಂದಳು. ಈ ಪುಸ್ತಕವನ್ನು ಬೇರೆಯವರಿಗೆ ಓದಿ ಎನ್ನಬಹುದೇ ಎಂದು ಅಕ್ಕೋರು ಅವಳನ್ನೇ ಕೇಳಿದರು. “ಹೇಳಿ. ಆದ್ರೆ ಕೈಗೆ ಕೊಟ್ಟು ಓಡಿ ಹೋಗ್ಬೇಡಿ. ಓದಿ ಮುಗಿದ್ಮೇಲೆ ಮಾತಾಡೂಕೆ ಒಂದು ಜನ ಬೇಕು. ನಂಗೆ ಮಾಸ್ತರು ಇದ್ರು ಅಂತ ಧೈರ್ಯ” ಎಂದಳು. ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಜಗಲಿಯ ಹಂಚು ಎಣಿಸಿದೆ.

ಕಾರವಾರದ ಬಸ್ಸಿನಲ್ಲಿ ಅವಳು ಪಕ್ಕದಲ್ಲೇ ಕೂತಳು. ಅವರ್ಸಾ ದಾಟಿದ್ದೇ ಕೇಳಿದಳು: “ಕಡೀಗೆ ಆ ತಾಯಿ ಮಾಡಿದ್ದು ಸರಿ ಅಂತೀರಾ?”

“ಅದು... ಬಹಳ ಸಂಕೀರ್ಣ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷ ಮಕ್ಕಳ ಕಳ್ಳಮುಖ ನೋಡಿದ ನನಗೆ, ನನ್ನದು ಹೇಗೆ ಕಾಣುತ್ತಿದೆಯೆಂದು ಗೊತ್ತಾಯಿತು. “ಓದಿಲ್ಲ ಮಂಗಲಕ್ಕ. ಮಗುವಿಗೆ ಜ್ವರ ಬಂತು. ಮುಂದೆ ಆಗಲಿಲ್ಲ.”

ಅವಳು ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. “ಹಂಗಾರೆ ನಾನೇ ಹೇಳ್ತೆ, ಕೇಳಿ. ದೇವರ ಕೋಣೆ ಬೀಗ ಅವ್ಳು ಕಡೀವರೆಗೂ ತೆಗೀಲಿಲ್ಲ. ಆದ್ರೆ ಒಂದಿನ ಮಗಳ ತಟ್ಟೆ ಹೊರಗೆ ತೆಗೆದು, ಉಪಾಸ ಇದ್ದ ಪಕ್ಕದ ಮನೆ ಪೋರಿಗೆ ಅದ್ರಲ್ಲೇ ಬಡಿಸಿದ್ಲು. ನಾನು ದೇವರಿಗೆ ಬೀಗ ಹಾಕ್ಲಿಲ್ಲ, ದೀಪ ಹಚ್ಚೇ ಜಗಳ ಮಾಡ್ತೆ. ಆದ್ರೆ ತಟ್ಟೆದು ಸರಿ. ನಾನೂ ದಿನಾ ಅದನ್ನೇ ಅಲ್ವಾ ಮಾಡೂದು, ಶಾಲೇಲಿ?” ಎಂದಳು.

ಬಸ್ಸಿನಲ್ಲಿ ಸೀಮೆಸುಣ್ಣವೂ ಇಲ್ಲ, ಈರುಳ್ಳಿಯೂ ಇಲ್ಲ. ನಾನು ಗೊಳೋ ಎಂದು ಅತ್ತುಬಿಟ್ಟೆ. ಮಂಗಲಕ್ಕನೇ ಸೆರಗಿನ ಗಂಟಿನಿಂದ ಕರವಸ್ತ್ರ ತೆಗೆದುಕೊಟ್ಟು ಬೆನ್ನು ತಟ್ಟಿದಳು.

ನರೆತ ಮೀಸೆಯ ಕಂಡಕ್ಟರ್ ಗಾಬರಿಯಿಂದ ಓಡಿಬಂದ. “ಯಾರು ಹೋದ್ರು?”

“ಯಾರೂ ಇಲ್ಲ. ಒಂದು ಪುಸ್ತಕದ ಕತೆ ಹೇಳ್ತಿದ್ದೆ” ಎಂದಳು ಮಂಗಲಕ್ಕ.

“ಹೌದೇ? ಹಂಗಾರೆ ನಂಗೂ ಒಂದ್ಸಲ ಕೊಡಿ, ಓದ್ತೆ.”

ಸಭೆಯಲ್ಲಿ ಅವಳು ಮರಳಿಸಿದ್ದ ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ಮಂಗಲಕ್ಕ ನನ್ನನ್ನು ನೋಡಿದಳು. ನಾನು ಅದನ್ನು ಎರಡೂ ಕೈಯಿಂದ ಅವುಚಿಕೊಂಡು, ಸೊರ್ ಎಂದು ಮೂಗು ಎಳೆದುಕೊಳ್ಳುತ್ತ ಹೇಳಿದೆ: “ಬೇಡ ಮಾರಾಯಾ. ನಿಂದು ಮೆದು ಮನಸ್ಸು.”