ಬೇಸ್ ಡಬ್ಬಿಯೊಳಗ ಬಾಣಂತಿ

ಸಂಗೀತಗಾರನ ಮನಿಯಾಗ ಸಂಗೀತನ ಬಂದ್ ಆದ್ರ ಅಂವ ಎಲ್ಲಿಗಿ ಹೋಗಬೇಕು, ನೀವ ಹೇಳ್ರಿ. ಮಂದಿ ಮದುವಿಯೊಳಗ ನಾ ಕೀಬೋರ್ಡಿನ ಮ್ಯಾಲ ಬಟ್ಟ ಇಟ್ರ ಬೀಗರು ಉಣ್ಣೂದು ಬಿಟ್ಟು ಎದ್ದು ಕುಣೀತಾರ. ನಮ್ಮ ಮನಿಯಾಗ ನಾ ಸ್ವಿಚ್ಚಿನ ಮ್ಯಾಲ ಬಟ್ಟ ಇಟ್ರ ಸಾಕು, ಅಡಗಿಮನಿಯಿಂದ ಆಕಾಶವಾಣಿ ಆಗ್ತೈತಿ: "ಕೈ ತಗೀರಿ!"

ನನ್ನ ಹೆಸರು ಮಹಾಂತ. ಊರು ಡಫಳಾಪುರ. ಮದುವಿ, ಹಳದಿ, ಸಾಲಿ ಗ್ಯಾದರಿಂಗ್, ಏನ ಇರಲಿ, ಕೀಬೋರ್ಡು, ಆಕ್ಟೋಪ್ಯಾಡು, ಅಂಪ್ಲಿಫಾಯರು, ಎದಿಮಟಾ ಬರೂ ಬೇಸ್ ಡಬ್ಬಿ ಎಲ್ಲಾ ಟೆಂಪೋದಾಗ ಹೇರಿಕೊಂಡು ಹೋಗಿ ಬಾರಿಸಿ ಬರೂದು ನನ್ನ ಉದ್ಯೋಗ. ಈ ಸಮಸ್ತ ಸಾಮ್ರಾಜ್ಯ ಇರೂದು ನಮ್ಮ ಮನಿ ಪಡಸಾಲಿಯೊಳಗ. ನೆಲದ ತುಂಬ ವಾಯರ್ ಅಂದ್ರ ವಾಯರ್, ಒಣಾಕ ಹಾಕಿದ ಶಾವಿಗಿ ಹಂಗ. (ಶಾವಿಗಿ ಆದ್ರ ಒಣಗಿದ ಮ್ಯಾಲ ಡಬ್ಬಿ ಸೇರ್ತಾವು ಅಂತ ನನ್ನ ಹೆಂಡತಿ ಹೇಳ್ತಾಳ.)

ಹೆಂಡತಿ ದಾಕ್ಷಾಯಣಿ ಅಂಗನವಾಡಿ ಸೇವಿಕಾ. ಅಂಬೆಗಾಲ ಇಡೂ ಕೂಸಿನಿಂದ ಹಿಡದು ಸಾಲಿಗಿ ಹೋಗೂ ಹುಡುಗರ ತನಕ ಆಕಿದು ಒಂದ ಕಾಯ್ದೆ: ಸಿಕ್ಕಿದ್ದು ಬಾಯಾಗ ಹಾಕಬಾರದು, ಬೋರ್ಡಿನ ತೂತಿನಾಗ ಬಟ್ಟ ತುರಕಬಾರದು, ಕೇಳಲಾರದ ಏನೂ ಮುಟ್ಟಬಾರದು. ಸಂಜಿಗಿ ಆಕಿ ಮನಿಗಿ ಬಂದ ಕೂಡಲೆ ಇದ ಕಾಯ್ದೆ ನನಗ ಲಾಗೂ.

ಹಿಂಗಿರಬೇಕಾದ್ರ ನಮ್ಮ ಬಾಜೂ ಮನಿ ಬಿಸ್ಮಿಲ್ಲಾ ಅಕ್ಕನ ಕೋಳಿಗೂಡಿನ ಮ್ಯಾಲ ಮಲಗೂ ಬೂದ ಬೆಕ್ಕು ಬಸರಾತು. ಊರಾಗ ಕಣಿಕಿ ಬಣವಿ ಇಲ್ಲೇನು, ಅಟ್ಟ ಇಲ್ಲೇನು? ಎಲ್ಲಾ ಬಿಟ್ಟು ಹೆರಿಗಿಗಿ ಅದು ಆರಿಸಿಕೊಂಡಿದ್ದು ನನ್ನ ಬೇಸ್ ಡಬ್ಬಿ. ಡಬ್ಬಿ ಮುಂದ ಗಾಳಿ ಆಡಾಕ ಒಂದು ದೊಡ್ಡ ತೂತು ಇರ್ತೈತಲ್ರಿ, ಅದರಾಗ ಹೊಕ್ಕು ಮೂರು ಮರಿ ಹಾಕಿ ಸುಖವಾಗಿ ಮಲಗಿತ್ತು. ನನಗೇನ ಗೊತ್ತು? ನಾ ಸೆಟ್ ಹಚ್ಚಾಕ ಅಂತ ಡಬ್ಬಿ ಸರಿಸಿದ್ನಿ. ಒಳಗಿಂದ 'ಮಿಯಾಂವ್' ಅಂತು.

"ದಾಕ್ಷಾಯಣಿ, ಸ್ವಿಚ್ ಹಾಕೂಕಿಂತ ಮೊದ್ಲ ಡಬ್ಬಿ ಒದರಾಕತ್ತೈತಿ. ಕೆಟ್ಟೈತಿ ಕಾಣತೈತಿ!" ಅಂದ್ನಿ.

ಆಕಿ ಬ್ಯಾಟರಿ ಹಚ್ಚಿ ತೂತಿನಾಗ ಬಗ್ಗಿ ನೋಡಿದ್ಲು. "ಕೆಟ್ಟಿಲ್ರಿ, ಹಡದೈತಿ," ಅಂದ್ಲು.

ಅಲ್ಲಿಗಿ ನನ್ನ ವನವಾಸ ಸುರು ಆತು. ಮರಿ ಕಣ್ಣ ತೆರೆಯೂತನಕ ಪಡಸಾಲಿಯೊಳಗ ಒಂದ ಸ್ವಿಚ್ ಹಾಕಂಗಿಲ್ಲ ಅಂತ ಹುಕುಂ ಹೊಂಟಿತು.

"ಮತ್ತ ನನ್ನ ಪ್ರಾಕ್ಟೀಸು?"

"ಬಾಯಿಲೆ ಮಾಡ್ರಿ."

"ಕೀಬೋರ್ಡ್ ಬಾಯಿಲೆ ಹೆಂಗ ಬಾರಸೂದು?"

"ದಿನಾ ಬಾಯಿಲೆ ಏನೇನ ಬಾರಸ್ತೀರಿ, ಇದೊಂದ ಹೆಚ್ಚೇನ್ರಿ?"

ಬಿಸ್ಮಿಲ್ಲಾ ಅಕ್ಕ ಬಾಣಂತಿಗಿ ಅಂತ ಹಾಲು ತಗೊಂಡು ಬಂದ್ಲು. "ತಮ್ಮಾ, ಬೆಕ್ಕು ತಾನ ಬಂದು ಮನಿ ಆರಿಸಿಕೊಂಡೈತಿ. ಬರ್ಕತ್ ಬಂತು ತಿಳಕೋ," ಅಂದ್ಲು. ಬರ್ಕತ್ ಬಂತೋ ಇಲ್ಲೋ, ನನ್ನ ಬೇಸ್ ಅಂತೂ ಹೋತು. ಆ ತಿಂಗಳ ಗ್ಯಾದರಿಂಗಿನಾಗ ಹುಡುಗರು ಬೇಸ್ ಇಲ್ಲದ ಹಾಡಿಗಿ ಕುಣದ್ವು. ಮಾಸ್ತರ್ ಮಾತ್ರ ಭಾಳ ಖುಷಿ ಆಗಿ, "ಈ ಸಲ ನಿಮ್ಮ ಸೆಟ್ ಎಷ್ಟ ಚಲೋ ಕೇಳಿಸ್ತು, ತಲಿ ನೋಯಲಿಲ್ಲ," ಅಂದ್ರು.

ಹೆಸರಿಡೂ ಹಕ್ಕರೆ ನನಗ ಇರಲಿ ಅಂತ ಜಗಳಾಡಿ ಗೆದ್ದು, ಮರಿಗೋಳಿಗಿ ಸಾ, ರೀ, ಗಾ ಅಂತ ಹೆಸರಿಟ್ನಿ. ಈ ಜನ್ಮದಾಗ ಹೆಂಡತಿ ಮುಂದ ನಾ ಗೆದ್ದಿದ್ದು ಅದೊಂದ ಜಗಳ, ಅದರಾಗೂ ಸೋತ್ನಿ. ಯಾಕಂದ್ರ ದಾಕ್ಷಾಯಣಿ "ರೀ" ಅಂತ ಕರದ್ರ ನಾನೂ ಓಡ್ತೀನಿ, ಮರೀನೂ ಓಡ್ತೈತಿ. ಹೋಗಿ ನೋಡಿದ್ರ ಹಾಲಿನ ಬಟ್ಟಲ ಅದಕ್ಕ, ತೊಗರಿ ಹಸನ ಮಾಡೂ ಮೊರ ನನಗ! ನಾನೇನ ಹುಚ್ಚ? ನಾಕ ಸಲ ಹಿಂಗಾದ ಮ್ಯಾಲ "ರೀ" ಅಂದ್ರ ಕಿವಿ ಕೇಳದವರ ಹಂಗ ಕುಂದ್ರಾಕ ಕಲತ್ನಿ.

ಮರಿ ಕಣ್ಣ ತೆರದ್ವು, ನಡದ್ವು, ಡಬ್ಬಿಯಿಂದ ಹೊರಗ ಬಂದ್ವು. ಅಂಪ್ಲಿಫಾಯರ್ ಬೆಚ್ಚಗ ಇರ್ತೈತಿ ಅಂತ ಅದರ ಮ್ಯಾಲ ಪವಡಿಸಾಕ ಸುರು ಮಾಡಿದ್ವು. ಹಲ್ಲು ಬಂದ್ವು ನೋಡ್ರಿ, ವಾಯರ್ ಅಂದ್ರ ಅವಕ್ಕ ಕಬ್ಬು ಇದ್ದಂಗ. ನಾ ಹಾಡು ಹಚ್ಚಬೇಕಾದ್ರ ಒಂದು ಮರಿ ಮೈಕಿನ ವಾಯರಿಗಿ ಜೋತ ಬಿದ್ದಿರ್ತಿತ್ತು, ಇನ್ನೊಂದು ಅಡಾಪ್ಟರ್ ಅಪ್ಪಿಕೊಂಡು ಒದೀತಿತ್ತು. ದಾಕ್ಷಾಯಣಿ ಮತ್ತ ಸ್ವಿಚ್ ಬಂದ್ ಮಾಡಿಸಿದ್ಲು. ಮುಂದ ಬೆಳುಂಕಿಯೊಳಗ ದೊಡ್ಡ ಮದುವಿ ಇತ್ತು, ಪ್ರಾಕ್ಟೀಸ್ ಇಲ್ಲದ ಹೋದ್ರ ಹೆಸರು ಕೆಡತೈತಿ. ಹಂಗಂತ ನನ್ನ ಫಲವತ್ತಾದ ತಲಿ ಉಳುಮಿ ಮಾಡಿದ್ನಿ.

ಮೊದಲನೇ ಬೆಳಿ: ರಂಜಕ. ಅಡಗಿಮನಿಯಿಂದ ಕೆಂಪ ಮೆಣಸಿನಕಾಯಿ ರಂಜಕದ ಭರಣಿ ತಂದು, ಎಲ್ಲಾ ಪಿನ್ ಕಿತ್ತು, ಅಷ್ಟೂ ವಾಯರಿಗಿ ಶಾಸ್ತ್ರೋಕ್ತ ಲೇಪನ ಮಾಡಿದ್ನಿ. ಮರಿಗೋಳು ಬಂದ್ವು, ಮೂಸಿದ್ವು, ಮೂಗ ಸಿಂಡರಿಸಿ ಹೋದ್ವು. ಮೀಸಿ ತಿರುವಿಕೊಂಡ್ನಿ. ಆಮ್ಯಾಲ ಅಂಪ್ಲಿಫಾಯರಿನ ಹಿಂದ ಬಗ್ಗಿ ವಾಯರ್ ಜೋಡಸಾಕ ನಿಂತ್ನಿ. ನಮ್ಮ ಧಂದೆದ ಮಂದಿಗಿ ಒಂದು ಚಟ ಐತ್ರಿ, ಎರಡೂ ಕೈ ತುಂಬಿದ್ರ ಮೂರನೇ ವಾಯರ್ ಹಲ್ಲಾಗ ಹಿಡೀತೀವಿ.

ಹಿಡದ್ನಿ.

ನಾ ಹೊಯ್ಕೊಂಡ ಸ್ವರ ಯಾವ ಕೀಬೋರ್ಡಿನಾಗೂ ಇಲ್ಲ ಅಂತ ಬಿಸ್ಮಿಲ್ಲಾ ಅಕ್ಕ ಇವತ್ತಿಗೂ ಹೇಳ್ತಾಳ. ದಾಕ್ಷಾಯಣಿ ಓಡಿ ಬಂದು ಮರಿಗೋಳಿಗಿ ತಗದಿಟ್ಟ ಹಾಲಿನ ಬಟ್ಟಲಾನ ನನ್ನ ಬಾಯಿಗಿ ಹಿಡದ್ಲು. "ಮೂರು ಮರಿಗಿ ತಿಳೀತು, ನಿಮಗ ತಿಳೀಲಿಲ್ಲಲ್ರಿ!" ಅಂದ್ಲು. ನಾ ಗಟಗಟ ಕುಡಿಯೂದನ್ನ ಗಾ ಎದುರಿಗಿ ಕುಂತು ಭಾಳ ಬ್ಯಾಸರದಿಂದ ನೋಡಿತು.

ಎರಡನೇ ಉಪಾಯ ಮಾತ್ರ ಖರೇನ ಚಲೋ ಇತ್ತು. ನಮ್ಮ ದಾಳಿಂಬಿ ತ್ವಾಟದಾಗ ಹಳೆ ಡ್ರಿಪ್ ಪೈಪ್ ಬಿದ್ದಿದ್ವು. ಉದ್ದಕ ಸೀಳಿ, ವಾಯರ್ ತೊಳದು ಒರಸಿ ಒಣಗಿಸಿ ಪೈಪಿನೊಳಗ ಕುಂದರಿಸಿ, ಗ್ವಾಡಿ ಗುಂಟ ಬಿಗದ್ನಿ. ಮರಿ ಕಡದ್ರೂ ಪೈಪ್ ಕಡೀಬೇಕು. ದಾಕ್ಷಾಯಣಿ ಎಳದು, ಜಗ್ಗಿ ನೋಡಿ ತಲಿ ಅಲ್ಲಾಡಿಸಿದ್ಲು. "ಇವತ್ತ ನೀವು ಪಾಸು," ಅಂದ್ಲು. ಉಳಿದಿದ್ದು ಎಕ್ಸ್‌ಟೆನ್ಶನ್ ವಾಯರ್ ಒಂದು. ಅದು ದಪ್ಪ, ಪೈಪಿನಾಗ ಹಿಡೀಲಿಲ್ಲ. ನಾಳಿ ದೊಡ್ಡ ಪೈಪ್ ತಂದರಾತು ಅಂತ ಅದನ್ನ ಅಂಪ್ಲಿಫಾಯರಿನ ಹಿಂದ ತಳ್ಳಿ, ಅಂದ ಸಂಜಿಮುಂದ ಹೆಡ್‌ಫೋನ್ ಒಂದು ಕಿವಿಗಿ ಹಾಕಿಕೊಂಡು ಪ್ರಾಕ್ಟೀಸಿಗಿ ಕುಂತ್ನಿ.

"ರೀ!" ಅಂತು ಬಾಗಲದಾಗಿಂದ.

ಮರೀಗಿ ಕರ್ಯಾಕತ್ತಾಳ ಅಂತ ನಾ ಬಾರಿಸ್ಕೋತ ಹೋದ್ನಿ.

"ರೀ! ಅಯ್ಯ, ರೀ!"

ಹಾಲು ಆರಾಕತ್ತಿರಬೇಕು ಅಂದ್ಕೊಂಡ್ನಿ. ಅಷ್ಟರಾಗ ಕೀಬೋರ್ಡ್ ಸತ್ತಂಗ ಸುಮ್ನಾತು, ಫ್ಯಾನ್ ನಿಂತಿತು. ದಾಕ್ಷಾಯಣಿ ಮೇನ್ ಸ್ವಿಚ್ ಎಳದುಬಿಟ್ಟಿದ್ಲು. ಅಂಪ್ಲಿಫಾಯರಿನ ಹಿಂದ ಓಡಿ ಹೋಗಿ, ರೀ ಅನ್ನೂ ಮರೀನ್ನ ಕುತ್ತಿಗಿ ಹಿಡದು ಎತ್ತಿದ್ಲು. ಅದರ ಬಾಯಾಗ ಕರಿ ಟೇಪಿನ ತುಣುಕು ಜೋತಾಡಾಕತ್ತಿತ್ತು. ಎಕ್ಸ್‌ಟೆನ್ಶನ್ ವಾಯರಿನ ಮ್ಯಾಲ ಸುತ್ತಿದ ಟೇಪ್ ಅದು. ಮರಿ ಆಟ ಆಡ್ಕೋತ ತುದಿ ಹಿಡದು ಬಿಚ್ಚಿಕೊಂತ ಬಂದಿತ್ತು. ಕೆಳಗ ಬತ್ತಲಿ ತಾಮ್ರ ಹೊಳೀತಿತ್ತು. ಇನ್ನೊಂದು ಸುತ್ತು ಬಿಚ್ಚಿದ್ರ ಅದರ ನಾಲಿಗಿ ತಾಮ್ರಕ್ಕ ತಾಗತಿತ್ತು.

ಬೈತಾಳ ಅಂತ ತಯಾರಾಗಿ ನಿಂತ್ನಿ. ಬೈಲಿಲ್ಲ. ಮರೀನ್ನ ಎದಿಗಿ ಅವಚಿಕೊಂಡು ಅಲ್ಲೆ ನೆಲದ ಮ್ಯಾಲ ಕುಂತ್ಲು. ಆಕಿ ಬೈಯೂದಕ್ಕ ನಾ ಎಂದೂ ಅಂಜಿದಾಂವಲ್ಲ (ಇದು ಸುಳ್ಳು), ಆಕಿ ಸುಮ್ನ ಕುಂತಿದ್ದು ನೋಡಿ ಖರೇನ ಅಂಜಿದ್ನಿ.

"ಈ ವಾಯರ್ ಎಲ್ಲಿದು?"

"ಬಂದ್ ಆದ ಬ್ಯಾಂಡ್ ಪಾರ್ಟಿಯವರ ಹಳೆ ಸೆಟ್ ತಗೊಂಡ್ನಲ್ಲ, ಅದರ ಸಂಗಾಟ ಬಂದಿತ್ತು. ವಾಯರೂ ಕರಿದು, ಟೇಪೂ ಕರಿದು. ಕಾಣಸಲಿಲ್ಲ."

"ಬೆಳುಂಕಿಗಿ ಇದನ್ನ ಒಯ್ಯವರಿದ್ರಿ?"

"ಹೂಂ."

"ಅಲ್ಲೆ ಇದನ್ನ ಕೈಯಾಗ ಹಿಡದು ಜಗ್ಗಿ ಹಾಸವರು ಯಾರು?"

"ನಾನ."

ಮರಿ ಆಕಿ ಸೆರಗಿನಾಗ ಗುರುಗುರು ಅನ್ನಾಕತ್ತಿತ್ತು. ದಾಕ್ಷಾಯಣಿ ಮೂಗ ಒರಸಿಕೊಂಡು ಅಂದ್ಲು: "ನಿಮ್ಮ ಮಾತಿಗಿ ಅರ್ಥ ಇಲ್ಲದಿದ್ರ ನಾ ಸಂಸಾರ ಮಾಡ್ತೀನಿ. ನಿಮ್ಮ ವಾಯರಿಗಿ ಅರ್ಥಿಂಗ್ ಇಲ್ಲದಿದ್ರ ಮಾಡಂಗಿಲ್ಲ."

ಮರುದಿವಸ ಜತ್ತ ಪ್ಯಾಟಿಗಿ ಹೋಗಿ ಹೊಸಾ ಎಕ್ಸ್‌ಟೆನ್ಶನ್ ತಂದ್ನಿ, ಕರೆಂಟ್ ಸೋರಿದ್ರ ತಾನ ಬೀಳೂ ಸ್ವಿಚ್ ತಂದ್ನಿ, ಮನಿಗಿ ಅರ್ಥಿಂಗ್ ಮಾಡಿಸಿದ್ನಿ. ಹಳೆ ವಾಯರ್ ತುಂಡ ಮಾಡಿ ಗುಜರಿಗಿ ಹಾಕಿದ್ನಿ.

ಬೆಳುಂಕಿ ಮದುವಿಯೊಳಗ ಏನಾತು ಕೇಳ್ರಿ. ಮದುಮಕ್ಕಳಿಗಿ ಸುರಗಿ ಶಾಸ್ತ್ರದ ನೀರು ಹಾಕೂ ಮುಂದ ಹುಡುಗರ ದಂಗಲಿನಾಗ ನೀರಿನ ಹಂಡೆ ಉಳ್ಳಿತು. ನೀರು ಹರಕೋತ ಬಂದು ನನ್ನ ಸ್ಟ್ಯಾಂಡಿನ ಬುಡಕ, ಎಕ್ಸ್‌ಟೆನ್ಶನ್ ವಾಯರಿನ ಮ್ಯಾಲ ನಿಂತಿತು. ಆ ನೀರಾಗ ಮದುಮಗನ ಆಯಿ ಬರಿಗಾಲಿಲೆ ನಿಂತು ಆರತಿ ತಾಟ ಹಿಡದಿದ್ಲು. ನಾನೂ ಬರಿಗಾಲಿಲೆ ನಿಂತಿದ್ನಿ. ಓಡಿ ಹೋಗಿ ಸ್ವಿಚ್ ಬಂದ್ ಮಾಡಿದ್ನಿ. ಯಾರಿಗೂ ಏನೂ ಆಗಲಿಲ್ಲ. ಆಯಿ ನನ್ನ ನೋಡಿ, "ಯಾಕೋ ತಮ್ಮಾ, ಹಾಡ ನಿಂದರಿಸಿದಿ?" ಅಂದ್ಲು. ಹಳೇ ವಾಯರ್ ಇದ್ದಿದ್ರ ಆಕಿ ಮಾತು ನಾ ಕೇಳತಿದ್ನೋ ಇಲ್ಲೋ, ಆಕಿ ಆಡತಿದ್ಲೋ ಇಲ್ಲೋ. ಅಲ್ಲೆ ನಿಂತು ಕಣ್ಣ ಮುಚ್ಚಿ ಕೈ ಮುಗದ್ನಿ. ಮದುವಿ ಮಾಡಸಾಕ ಬಂದಿದ್ದ ಐನಾರು ತಮಗ ಮುಗದ ಅಂತ ತಿಳಕೊಂಡು ನನ್ನ ತಲಿ ಮ್ಯಾಲ ಅಕ್ಕಿಕಾಳು ಹಾಕಿದ್ರು. ನಾ ಮುಗದಿದ್ದು ಡಫಳಾಪುರದಾಗ ಮನಿಯೊಳಗ ಮಲಗಿದ ಒಂದು ಗೇಣುದ್ದದ ಬೆಕ್ಕಿನ ಮರಿಗಿ, ಮತ್ತ ಮೇನ್ ಸ್ವಿಚ್ ಎಳದ ಒಂದು ಕೈಗಿ.

ಮನಿಗಿ ಬಂದ ಮ್ಯಾಲ ಕೃತಜ್ಞತಾ ಸಮರ್ಪಣೆ ಆಗಲೇಬೇಕಂತ ಹಟ ಹಿಡದ್ನಿ. ಬಿಸ್ಮಿಲ್ಲಾ ಅಕ್ಕನ ಹಂತೇಲಿ ಕೋಳಿಗೂಡಿಗಿ ತಂದು ಉಳಿದ ತಂತಿ ಜಾಳಿ ಇತ್ತು. ಅದನ್ನ ಬೇಡಿಕೊಂಡು ಬಂದು, ಕಟ್ಟಿಗಿ ಬಡದು, ಪಡಸಾಲಿ ಒಂದು ಮೂಲಿಗಿ ಆಳೆತ್ತರದ ಮಾರ್ಜಾಲ ಮಹಲ ಕಟ್ಟಿದ್ನಿ. ಮೆತ್ತಗಿನ ಕೌದಿ, ಆಡಾಕ ದಾರದ ಉಂಡಿ, ಹೊರಗಿಂದ ಹಾಕೂ ಚಿಲಕ. ಮರಿಗೋಳನ್ನ ಗೃಹಪ್ರವೇಶ ಮಾಡಿಸಿ ಚಿಲಕ ಹಾಕಿದ್ನಿ.

ಮೂರೂ ಜಾಳಿಗಿ ಜೋತು ಬಿದ್ದು ಮೂರು ಸ್ವರದಾಗ ಅಳಾಕ ಸುರು ಮಾಡಿದ್ವು. ತಾಯಿ ಬೆಕ್ಕು ಹೊರಗ ಕುಂತು ನನ್ನನ್ನ ನುಂಗೂ ಹಂಗ ನೋಡಿತು.

"ತಮ್ಮಾ," ಅಂದ್ಲು ಬಿಸ್ಮಿಲ್ಲಾ ಅಕ್ಕ, "ನಿನ್ನ ಜೀವ ಉಳಿಸಿದವರನ್ನ ಜೇಲಿಗಿ ಹಾಕ್ತಿಯೇನು?"

"ಅವು ಏನ ತಪ್ಪ ಮಾಡ್ಯಾವ್ರಿ?" ಅಂದ್ಲು ದಾಕ್ಷಾಯಣಿ. "ತಪ್ಪು ವಾಯರಿಂದು. ಯಾರ ತಪ್ಪು ಮಾಡ್ಯಾರೋ ಅವರು ಒಳಗ ಇರಲಿ."

ನ್ಯಾಯ ತೀರಿತು. ಮರಿ ಹೊರಗ ಬಂದ್ವು. ಕೀಬೋರ್ಡು, ಅಂಪ್ಲಿಫಾಯರು, ಬೋರ್ಡು, ವಾಯರು ಎಲ್ಲಾ ಜಾಳಿಯೊಳಗ ಹೋದ್ವು. ಸಾಮಾನು ಒಳಗ ಅಂದ ಮ್ಯಾಲ ಬಾರಸಾಂವ ಹೊರಗಿದ್ದು ಏನ ಮಾಡ್ತಾನ? ನಾನೂ ಹೋದ್ನಿ. ನಾ ಹೊಕ್ಕ ಕೂಡಲೆ ಮರಿ ನುಸುಳಬಾರದು ಅಂತ ದಾಕ್ಷಾಯಣಿ ಹೊರಗಿಂದ ಚಿಲಕ ಹಾಕ್ತಾಳ. ಖರೆ ಹೇಳ್ತೀನ್ರಿ, ಒಳಗ ಭಾಳ ಆರಾಮ ಐತಿ. ತೊಗರಿ ಹಸನ ಮಾಡ್ರಿ ಅಂತ ಯಾರೂ ಕರೆಯಂಗಿಲ್ಲ.

ಮೊನ್ನೆ ಸನಮಡಿಯಿಂದ ಅಣ್ಣಾರಾಯ ಅನ್ನವರು ಮಗಳ ಮದುವಿಗಿ ಸೆಟ್ ಹೇಳಾಕ ಬಂದ್ರು. ದಾಕ್ಷಾಯಣಿ, "ಬರ್ರಿ, ಕುಂದ್ರಿ, ಒಳಗ ಅದಾರ," ಅಂದ್ಲು. ಅವರು ಕುಂದ್ರಾಕ ಹೋದ್ರ ಗಾದಿ ಮ್ಯಾಲ ಮೂರು ಮರಿ ಕಾಲ ಚಾಚಿ ಮಲಗಿದ್ವು. ಜಾಳಿಯೊಳಗ ನಾ ಕುಂತಿದ್ನಿ. ಚಿಲಕ ಹಾಕಿತ್ತು. ಅಣ್ಣಾರಾಯರು ಟೊಪಗಿ ತಗದು ನನ್ನನ್ನ ನೋಡಿದ್ರು, ಮರಿಗೋಳನ್ನ ನೋಡಿದ್ರು. ಆಮ್ಯಾಲ ದನಿ ಸಣ್ಣ ಮಾಡಿ ಕೇಳಿದ್ರು:

"ಅಕ್ಕಾರ, ಮದುವಿಗೂ ಇವರನ್ನ ಜಾಳಿ ಸಮೇತ ತರಬೇಕೇನ್ರಿ?"

"ಇಲ್ರಿ, ಅವತ್ತ ಹೊರಗ ಬಿಡ್ತೀನ್ರಿ," ಅಂದ್ಲು ದಾಕ್ಷಾಯಣಿ. "ಮುಂಜಾನಿ ಒಯ್ರಿ, ಹೊಟ್ಟಿ ತುಂಬ ಹಾಕ್ರಿ, ಕತ್ತಲಾಗೂದ್ರಾಗ ತಂದು ಬಿಡ್ರಿ. ನೀರಿನ ಹಂತೇಕ ಅಷ್ಟ ಬಿಡಬ್ಯಾಡ್ರಿ."

ಅಣ್ಣಾರಾಯರು ಗಾದಿ ತುದಿಗಿ ಕುಂತು, ನನ್ನ ಕಡೆ ಅಂತಃಕರಣದಿಂದ ನೋಡಿ ಕೇಳಿದ್ರು, "ಸಾಧು ಅದಾರಲ್ರಿ?"

"ಭಾಳ ಸಾಧು ಅದಾರ್ರಿ," ಅಂದು, ಚಹಾದ ಬಸಿ ಜಾಳಿ ಕೆಳಗಿನ ಸಂದಿಯಿಂದ ನನ್ನ ಕಡೆ ಸರಿಸಿದ್ಲು.

ನಾ ಬಗ್ಗಿ ಕುಡದ್ನಿ.