ಅರ್ಧ ಮರ್ಯಾದೆಯ ಪ್ಯಾಂಟು

ನಮ್ಮಣ್ಣ ಗಿರಾಕಿ ಹೇಳಿದ ಬಟ್ಟೆಯನ್ನು, ಒಂದೆರಡು ವಾರ ಬಿಟ್ಟರೆ, ಜೀವಮಾನದಲ್ಲಿ ಒಮ್ಮೆಯೂ ಹೊಲಿದುಕೊಟ್ಟವನಲ್ಲ. ಆದರೂ ಸಾಗರದ ಪೇಟೆಯಲ್ಲಿ ಅವನದೊಂದು ಹೊಲಿಗೆ ಅಂಗಡಿ ಇತ್ತು, ಅದು ನಡೆಯುತ್ತಲೂ ಇತ್ತು! ಇದು ಹೇಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ. ಅವನ ಒಡಹುಟ್ಟಿದ ತಂಗಿಯಾದ ನನಗೇ ಇವತ್ತಿಗೂ ಅರ್ಥವಾಗಿಲ್ಲ.

ಅವನನ್ನು ಟೈಲರ್ ಎಂದು ಕರೆದರೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. "ಟೈಲರ್ ಅಂದ್ರೆ ಹೇಳಿದ್ದು ಹೊಲಿಯೋನು. ನಾನು ಬೇಕಾದ್ದು ಹೊಲಿಯೋನು" ಎನ್ನುತ್ತಿದ್ದ. ಬೇಕಾದ್ದು ಯಾವುದು ಎಂದು ನಿರ್ಧರಿಸುವವರು ಯಾರು? ಅವನೇ! ಅಂಗಡಿಗೆ ಬಂದವರು ಮೊದಲು ಅಳತೆ ಕೊಡುವಂತಿರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದು ತೋರಿಸಬೇಕಿತ್ತು. "ಅಲ್ಲ ಮಾರಾಯ, ಶರಟು ಹೊಲಿಯೋಕೆ ನಡಿಗೆ ಯಾಕೆ?" ಎಂದು ಯಾರಾದರೂ ಕೇಳಿದರೆ, "ಶರಟು ನಿಮ್ಮ ಜೊತೆ ಬರ್ಬೇಕಲ್ಲ, ನೀವೊಬ್ರೇ ಹೋಗಿಬಿಟ್ರೆ?" ಎಂದು ತಿರುಗಿ ಕೇಳುತ್ತಿದ್ದ.

ಒಮ್ಮೆ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಎರಡು ಸಾದಾ ಶರಟು ಹೊಲಿಯಲು ಹೇಳಿ ಹೋದರು. ಅಣ್ಣ ಅವರ ಹಿಂದೆಯೇ ಮಂಡಿಗೂ ಹೋಗಿ ಒಂದು ಮೂಲೆಯಲ್ಲಿ ನಿಂತು ನೋಡಿ ಬಂದ. ಸಾಹುಕಾರರು ಅಡಿಕೆ ನೋಡಲು ಮೂಟೆಯ ಮೇಲೆ ಬಗ್ಗಿದಾಗಲೆಲ್ಲ ಎದೆಯ ಜೇಬಿನಿಂದ ಕನ್ನಡಕ ಜಾರಿ ಅಡಿಕೆಯೊಳಗೆ ಬೀಳುತ್ತಿತ್ತಂತೆ. ಸರಿ, ಶರಟು ಬಂದಾಗ ಎದೆಯ ಮೇಲೆ ಜೇಬೇ ಇಲ್ಲ! ಜೇಬು ಎಡಗಂಕುಳಿನ ಕೆಳಗೆ ಹೋಗಿ ಕೂತಿತ್ತು. ಸಾಹುಕಾರರು ಗೊಣಗುತ್ತಲೇ ತೊಟ್ಟುಕೊಂಡರು. ಮರುದಿನ ಕನ್ನಡಕ ಕಾಣೆ. ಮೂಟೆಗಳನ್ನೆಲ್ಲ ಸುರಿಸಿದರು, ಆಳುಗಳನ್ನು ಬೈದರು, ಮನೆಗೆ ಹೋಗಿ ಹೆಂಡತಿಯನ್ನೂ ಬೈದರು. ಸಂಜೆ ಶರಟು ಬಿಚ್ಚುವಾಗ ಕಂಕುಳಲ್ಲಿ ಸಿಕ್ಕಿತು. ಕೆಂಡವಾಗಿ ಅಂಗಡಿಗೆ ಬಂದರೆ ಅಣ್ಣ ಕೇಳಿದ್ದು ಒಂದೇ ಮಾತು: "ಬಿತ್ತಾ? ಬೀಳ್ಲಿಲ್ವಲ್ಲ?"

ಅದು ಶರಾವತಿಯ ಅಣೆಕಟ್ಟೆ ಕೆಲಸ ನಡೆಯುತ್ತಿದ್ದ ಕಾಲ. ಓವರ್‌ಸಿಯರುಗಳು, ಎಂಜಿನಿಯರುಗಳು ಟೆರಿಲಿನ್ ಪ್ಯಾಂಟು ತೊಟ್ಟು ಪೇಟೆಯಲ್ಲಿ ಓಡಾಡುತ್ತಿದ್ದರು. ನಮ್ಮ ಕಡೆಯ ಹುಡುಗರಿಗೂ ಪ್ಯಾಂಟಿನ ಆಸೆ ಹುಟ್ಟಿತ್ತು, ಆದರೆ ಮನೆಯ ಹಿರಿಯರ ಹೆದರಿಕೆ. ಆ ಹಿರಿಯರ ಪೈಕಿ ನಾಲ್ವರು ಅಣ್ಣನ ಅಂಗಡಿಯ ಎದುರಿನ ಹೋಟೆಲಿನ ಬೆಂಚಿನ ಮೇಲೆ ದಿನವೂ ಕೂರುತ್ತಿದ್ದರು. ನಾಲ್ವರೂ ಕಚ್ಚೆ ಪಂಚೆ, ಮುಚ್ಚುಗತ್ತಿನ ಕೋಟು, ಹೆಗಲ ಮೇಲೆ ಶಲ್ಯದವರು. ನಾನು ಅದಕ್ಕೆ ಕಚ್ಚೆ ಸಭೆ ಎಂದು ಹೆಸರಿಟ್ಟಿದ್ದೆ. ಸಭೆಯ ಕಾರ್ಯಕಲಾಪವೆಂದರೆ ಕಾಫಿ ಕುಡಿಯುವುದು ಮತ್ತು ನಮ್ಮಣ್ಣ ಹೊಲಿದದ್ದನ್ನು ಆಡಿಕೊಳ್ಳುವುದು.

ಒಂದು ದಿನ ಸಭೆಯ ಹಿರಿಯರೊಬ್ಬರು ರಸ್ತೆಯ ಆಚೆಯಿಂದಲೇ ಗಟ್ಟಿಯಾಗಿ ಸವಾಲು ಹಾಕಿದರು.

"ತಮ್ಮಾ, ಒಂದು ಮಾತು ಹೇಳು. ಪಂಚೆ ಎತ್ತಿ ಕಟ್ಟಿದೋನು ಹಿರಿಯರು ಎದುರು ಬಂದ್ರೆ ಎಂತ ಮಾಡ್ತಾನೆ?"

"ಇಳಿಸ್ತಾನೆ" ಎಂದ ಅಣ್ಣ.

"ಹಾಂ! ಅದು ಮರ್ಯಾದೆ. ನಿನ್ನ ಪ್ಯಾಂಟಿನೋನು ಎಂತ ಇಳಿಸ್ತಾನೆ?"

ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ ಎಂದು ಒಪ್ಪಿಕೊಳ್ಳುತ್ತೇನೆ. ಮದುವೆಯಾಗಿ ಸಾಗರದಲ್ಲೇ ಇದ್ದ ನಾನು ಮಧ್ಯಾಹ್ನದ ಹೊತ್ತು ಅಂಗಡಿಯ ಒಳಕೋಣೆಯಲ್ಲಿ ಕೂತು ಅವನು ಹೊಲಿದ ಬಟ್ಟೆಗಳಲ್ಲಿ ಗುಂಡಿ ತೂರುವ ಕಾಜಾ ಹಾಕಿಕೊಡುತ್ತಿದ್ದೆ. ಅಣ್ಣ ಮಾತ್ರ ನಗದೆ ಕತ್ತರಿ ಹಿಡಿದು ಒಳಗೆ ಬಂದ. ಎಂಟು ದಿನ ಹೊಲಿದ, ಬಿಚ್ಚಿದ, ಮತ್ತೆ ಹೊಲಿದ. ಒಂಬತ್ತನೆಯ ದಿನ ಹುಟ್ಟಿತು ನೋಡಿ, ಇಳಿಸುವ ಪ್ಯಾಂಟು!

ಅದರ ಕಾಲುಗಳನ್ನು ಮೊಣಕಾಲಿನವರೆಗೆ ಮಡಚಿ ಟಿಚ್ ಬಟನ್ ಒತ್ತಿದರೆ ಕೆಸರಿನಲ್ಲೂ ಆರಾಮಾಗಿ ನಡೆಯಬಹುದು. ಹಿರಿಯರು ಎದುರಾದರೆ ಜೇಬಿನೊಳಗಿರುವ ದಾರವನ್ನು ಎಳೆದರಾಯಿತು, ಟಪ್ ಎಂದು ಎರಡೂ ಕಾಲು ಪಾದದವರೆಗೆ ಇಳಿಯುತ್ತವೆ. ನಮ್ಮ ಯಜಮಾನರಿಗೆ ತೊಡಿಸಿ ಅಂಗಳದಲ್ಲಿ ಹನ್ನೆರಡು ಸಲ ಪರೀಕ್ಷೆ ಮಾಡಿದ. ಪಾಪ, ಅವರು ಸಾಧು ಮನುಷ್ಯ. ಹನ್ನೆರಡು ಸಲವೂ ಯಾರೂ ಬಾರದಿದ್ದರೂ ಗೌರವ ಸಲ್ಲಿಸಿದರು. ಆದರೆ ಅಣ್ಣನ ತಲೆಗೆ ಹೊಳೆಯದ ಒಂದು ವಿಷಯವಿತ್ತು. ಹಿರಿಯರ ಎದುರು ಜೇಬಿನಲ್ಲಿ ಕೈಯಿಟ್ಟು ನಿಲ್ಲುವುದು ಇನ್ನೂ ದೊಡ್ಡ ಅಮರ್ಯಾದೆ! ಒಂದು ಮರ್ಯಾದೆ ತೋರಿಸಲು ಇನ್ನೊಂದನ್ನು ಕಳೆದುಕೊಳ್ಳುವ ಪ್ಯಾಂಟನ್ನು ಜಗತ್ತಿನಲ್ಲಿ ಬೇರೆ ಯಾರು ಹೊಲಿದಾರು?

ಇದೆಲ್ಲ ನಗೆಯಲ್ಲೇ ಮುಗಿಯುತ್ತಿತ್ತು, ಆದರೆ ಅಷ್ಟರಲ್ಲಿ ಹೊಸನಗರದಲ್ಲಿ ನಮ್ಮ ನೆಂಟರ ಮನೆಯ ಮದುವೆ ಬಂತು. ಅಲ್ಲಿ ಅಣ್ಣ ತೀರ್ಥಹಳ್ಳಿಯ ಒಬ್ಬ ಹುಡುಗಿಯನ್ನು ನೋಡಿದ. ಮೂವತ್ತು ದಾಟಿದರೂ ಮದುವೆಯ ಮಾತೆತ್ತಿದರೆ ಕತ್ತರಿ ಹಿಡಿದು ಎದ್ದುಹೋಗುತ್ತಿದ್ದವನು ಮನೆಗೆ ಬಂದು ಅಮ್ಮನ ಎದುರು ಕೂತು, "ಆದ್ರೆ ಅವಳನ್ನೇ, ಇಲ್ದಿದ್ರೆ ಬೇಡ" ಎಂದುಬಿಟ್ಟ. ಅಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಾಕೆಂದರೆ ಆ ಹುಡುಗಿಯ ಅಪ್ಪ ನಮ್ಮ ಕಚ್ಚೆ ಸಭೆಯ ನಾಲ್ವರನ್ನು ಕೂಡಿಸಿದರೂ ಮೀರಿಸುವಂಥವರು! ಮದುಮಗನ ರುಮಾಲು ನೆಟ್ಟಗಿದೆಯೇ ಎಂದು ನೋಡಲು ಊರವರು ಅವರನ್ನೇ ಕರೆಯುತ್ತಿದ್ದರು. ನೆರಿಗೆ ತಪ್ಪಿದ ಪಂಚೆಯವನಿಗೆ ತಮ್ಮ ಜಗಲಿಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಬಲಹೆಗಲ ಮೇಲೆ ನಾಲ್ಕು ಮಡಿಕೆ ಮಾಡಿ ಹಾಕಿದ ಶಲ್ಯವನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಬರೀ ಶರಟಿನಲ್ಲಿ ಹೆಣ್ಣು ನೋಡಲು ಬಂದ ಇಬ್ಬರನ್ನು ಕಾಫಿ ಕೂಡ ಕೊಡದೆ ಕಳಿಸಿದ್ದರಂತೆ.

"ಒಂದು ದಿನಕ್ಕೆ ಪಂಚೆ ಉಟ್ಕೊಳ್ಳೋ, ನಿನ್ನ ದಮ್ಮಯ್ಯ" ಎಂದು ಅಮ್ಮ ಬೇಡಿದಳು.

"ಮೋಸ ಮಾಡಿ ಹೆಣ್ಣು ತರೋದಾ? ನಾನು ಹೆಂಗಿದೀನೋ ಹಂಗೇ ನೋಡ್ಲಿ" ಎಂದ ಅಣ್ಣ. ತೊಟ್ಟದ್ದು ಯಾವುದನ್ನು? ಇಳಿಸುವ ಪ್ಯಾಂಟನ್ನೇ!

ಅಮ್ಮ, ನಾನು, ಅಣ್ಣ ಬಸ್ಸು ಹಿಡಿದು ಹೊಸನಗರದಲ್ಲಿ ಬದಲಿಸಿ ತೀರ್ಥಹಳ್ಳಿಯಲ್ಲಿ ಇಳಿದೆವು. ಅವರ ಮನೆಯ ದಾರಿಯೆಲ್ಲ ಕೆಸರು. ಅಣ್ಣ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಗುಂಡಿ ಒತ್ತಿ ರಾಜನಂತೆ ನಡೆದ. ಬಾಗಿಲ ಬಳಿ ಹುಡುಗಿಯ ಅಪ್ಪ ಕಾಣಿಸಿಕೊಂಡರು. ಅಣ್ಣ ಎರಡೂ ಕೈ ಜೇಬಿಗೆ ತೂರಿಸಿದ. ಅವರ ಹುಬ್ಬು ಮೇಲೇರಿತು. ಅಣ್ಣ ಎಳೆದ. ಎಡಗಾಲು ಟಪ್ ಎಂದು ಇಳಿಯಿತು. ಬಲಗಾಲು ಇಳಿಯಲಿಲ್ಲ. ಮತ್ತೆ ಎಳೆದ. ಊಹೂಂ!

ಅವರು ಮೇಲಿಂದ ಕೆಳಗೆ ನೋಡಿ, "ಅರ್ಧ ಮರ್ಯಾದೆ ಸಾಕು ತಮ್ಮ. ಉಳಿದದ್ದನ್ನ ಮನೆಗೆ ತಗೊಂಡು ಹೋಗು" ಎಂದರು.

ಬೇರೆಯವರಾಗಿದ್ದರೆ ನಾಚಿಕೆಯಿಂದ ಅಲ್ಲೇ ಕುಸಿಯುತ್ತಿದ್ದರು. ನಮ್ಮಣ್ಣ ಕುಸಿದದ್ದೇನೋ ನಿಜ, ಆದರೆ ಬಲಗಾಲಿನ ಗುಂಡಿಯನ್ನು ಪರೀಕ್ಷಿಸಲು! "ಕೆಸರು ಸಿಕ್ಕಿದೆ, ಇದಕ್ಕೊಂದು ಮುಚ್ಚಳ ಬೇಕಿತ್ತು" ಎಂದು ಅಲ್ಲೇ ಗೊಣಗಿದ. ಒಳಗೆ ಬಾಗಿಲ ಸಂದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕವಳು ಆ ಹುಡುಗಿಯೇ ಎಂದು ನನಗೆ ಆಮೇಲೆ ಗೊತ್ತಾಯಿತು. ಅಮ್ಮನ ಮುಖ ನೋಡಿ ಹುಡುಗಿಯ ಅಪ್ಪ ನಮ್ಮನ್ನು ಜಗಲಿಗೆ ಕರೆದು ಕಾಫಿ ಕೊಟ್ಟರು, ಅದು ಅಮ್ಮನ ವಯಸ್ಸಿಗೆ ಕೊಟ್ಟ ಕಾಫಿ. ಸಂಬಂಧದ ಬಗ್ಗೆ ಒಂದು ಮಾತೂ ಬರಲಿಲ್ಲ. ಅಣ್ಣ ಕಾಫಿ ಆರುವವರೆಗೂ ಅವರನ್ನೇ ನೋಡುತ್ತ ಕೂತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಗಾಳಿಯಲ್ಲಿ ಬೆರಳಿನಿಂದ ಏನೋ ಅಳೆಯುತ್ತಿದ್ದ. ಮನಸ್ಸು ಮುರಿದು ಹೀಗಾಡುತ್ತಾನೆ ಎಂದುಕೊಂಡೆ. ಅವತ್ತು ಮೊದಲ ಸಲ ಅವನ ಮೇಲೆ ನನಗೆ ನಗು ಬರಲಿಲ್ಲ.

ಹತ್ತು ದಿನ ಕಳೆದು ಅವನು ಕಾಜಾ ಹಾಕಲು ಒಂದು ಕಪ್ಪು ಕೋಟು ಕೊಟ್ಟ. ನೋಡಿದರೆ ಅಪ್ಪಟ ಹಳೆಯ ಕಾಲದ ಮುಚ್ಚುಗತ್ತಿನ ಕೋಟು! ಅದೂ ಸೊಟ್ಟ. ಬಲಭುಜದೊಳಗೆ ಹತ್ತಿಯ ಪದರದ ಮೇಲೆ ಪದರ, ಬಲತೋಳು ಎಡತೋಳಿಗಿಂತ ಅಗಲ.

"ಎಂತದಾ ಇದು? ಕೈ ತಪ್ಪಿತಾ?" ಎಂದೆ.

"ತೀರ್ಥಹಳ್ಳಿಯವರದ್ದು."

"ಅವರು ಅಳತೆ ಎಲ್ಲಿ ಕೊಟ್ರು?"

"ಎದುರಿಗೇ ಕೂತಿದ್ರಲ್ಲ" ಎಂದವನು ದನಿ ತಗ್ಗಿಸಿದ. "ಅವರ ಬಲಭುಜ ಕುಸಿದಿದೆ ಕಣೇ. ಆ ಕೈ ಅರ್ಧಕ್ಕಿಂತ ಮೇಲೆ ಏಳಲ್ಲ. ಲೋಟ ಎತ್ತಿದ್ದೂ ಎಡಗೈಲಿ. ಶಲ್ಯ ನಾಲ್ಕು ಮಡಿಕೆ ಹಾಕೋದು ಶೋಕಿಗಲ್ಲ, ಹಳ್ಳ ತುಂಬೋಕೆ. ಯಾರ ಹತ್ರನೂ ಹೇಳ್ಬೇಡ. ಅಮ್ಮಂಗೂ."

ಹೀಗೆ ಮೆಲುದನಿಯಲ್ಲಿ ಮಾತಾಡುವ ಅಣ್ಣನನ್ನು ನಾನು ಅದುವರೆಗೆ ಕಂಡಿರಲಿಲ್ಲ. ತನ್ನನ್ನು ಅಂಗಳದಲ್ಲಿ ನಿಲ್ಲಿಸಿ ಆಡಿಕೊಂಡವರ ಗುಟ್ಟು ಕೈಗೆ ಸಿಕ್ಕರೆ ನಾನಾಗಿದ್ದರೆ ಊರೆಲ್ಲ ಡಂಗುರ ಸಾರುತ್ತಿದ್ದೆ. ಅವನು ಆ ಗುಟ್ಟಿಗೆ ಅಸ್ತರಿ ಹಾಕಿ ಹೊಲಿದಿದ್ದ. ಕೋಟನ್ನು ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ, ಚೀಟಿಯನ್ನೂ ಇಡದೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ.

ಒಂದು ತಿಂಗಳಾದರೂ ಉತ್ತರವಿಲ್ಲ. ಅಣ್ಣ ತೀರ್ಥಹಳ್ಳಿಯ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಿಂತು, ಏನೂ ಆಗದವನಂತೆ ಒಳಗೆ ಹೋಗುತ್ತಿದ್ದ. ಅವನು ಗಿರಾಕಿಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೊಲಿಯತೊಡಗಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಕಚ್ಚೆ ಸಭೆ ತುಂಬಿ ಕೂತಿದ್ದಾಗ ತೀರ್ಥಹಳ್ಳಿಯ ಆ ಹುಡುಗಿಯ ಅಪ್ಪನೇ ಬಂದರು. ಕಪ್ಪು ಕೋಟು, ನೆಟ್ಟಗಿನ ಭುಜ, ಹೆಗಲ ಮೇಲೆ ಏನೂ ಇಲ್ಲ! ಬೆಂಚಿನ ಮೇಲಿದ್ದ ನಾಲ್ವರೂ ಎದ್ದು ನಿಂತರು. "ಎಂತಾ ಕೋಟು ಮಾರಾಯ್ರೇ! ಯಾವ ಊರಿನ ಹೊಲಿಗೆ?" ಎಂದು ಒಬ್ಬರು ಕೇಳಿದರು. "ನಿಮ್ಮ ಎದುರಿಗೇ ಇದಾನಲ್ಲ, ಕಾಣಲ್ವಾ?" ಎಂದು ಹೇಳಿ ಅವರು ನೇರ ಅಂಗಡಿಗೆ ಬಂದರು. ಒಳಕೋಣೆಗೆ ಬಂದು ಪರದೆ ಎಳೆದರು. ನಾನು ಏಳಹೋದರೆ, "ಕೂತ್ಕೋ ತಾಯಿ. ಕಾಜಾ ಹಾಕಿದೋಳು ನೀನೇ ಅಲ್ವಾ, ನಿಂಗೆ ಗೊತ್ತಿರ್ತದೆ" ಎಂದರು.

"ಒಂದು ತಪ್ಪಿದೆ" ಎಂದರು ಅಣ್ಣನಿಗೆ.

ಅಣ್ಣನ ಮುಖ ಬಿಳಿಚಿಕೊಂಡಿತು. "ಎಂತದು?"

"ಕಂಕುಳಲ್ಲಿ ಬಿಗಿ. ಕಣ್ಣಳತೆಲಿ ಅಷ್ಟೇ ಆಗೋದು."

ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ತೆಳ್ಳಗಿನ ಅಂಗಿಯ ಒಳಗೆ ಕುಸಿದ ಭುಜ ಹಾಗೇ ಕಾಣುತ್ತಿತ್ತು. ಎರಡೂ ಕೈ ಚಾಚಿದರು. ಎಡಗೈ ನೆಟ್ಟಗೆ ನಿಂತಿತು. ಬಲಗೈ ಅರ್ಧಕ್ಕೆ ಬಂದು ನಡುಗಿತು.

"ಹುಡುಗ ಇದ್ದಾಗ ಮರದಿಂದ ಬಿದ್ದದ್ದು. ಮನೆಯವಳಿಗೆ ಬಿಟ್ರೆ ಯಾರಿಗೂ ಹಿಂಗೆ ತೋರ್ಸಿಲ್ಲ. ಅಳತೆ ತಗೋ."

ಅಣ್ಣ ಟೇಪು ಹಿಡಿದ. ಅಂಕಿ ಬರೆದುಕೊಳ್ಳಲು ನಾನು ಪೆನ್ಸಿಲು ಹಿಡಿದು ಕಾದೆ. ಅವನು ಅದೇ ಭುಜವನ್ನು ಮೂರು ಸಲ ಅಳೆದ. ಕಣ್ಣು ತುಂಬಿ ಟೇಪೇ ಕಾಣುತ್ತಿರಲಿಲ್ಲವೇನೋ.

"ಸರಿಯಾಗಿ ನೋಡಿ ತಗೊಳ್ಳಪ್ಪ" ಎಂದರು ಅವರು. ಗದರಿಸಿದ ಹಾಗೆ ಇತ್ತು, ಗದರಿಕೆ ಇರಲಿಲ್ಲ. "ಮದುವೆ ದಿನ ನಿಮ್ಮ ದಿಬ್ಬಣ ಬಂದಾಗ ಬಾಗಿಲಲ್ಲಿ ನಿಂತು ನಿಮ್ಮಮ್ಮಂಗೆ ಎರಡೂ ಕೈ ಎತ್ತಿ ಮುಗಿಬೇಕು ನಾನು. ಈ ಕೈಗೆ ಅಷ್ಟು ಜಾಗ ಬಿಡು."