ಫ್ಲೆಕ್ಸಿನಿಂದ ಇಳಿದ ಮಾವ

ನಮ್ಮ ಸೋದರಮಾವನಿಗೆ ಹಾವು ಕಂಡರೆ ಭಯವಿಲ್ಲ, ಚಂದಾ ಪುಸ್ತಕ ಕಂಡರೆ ಓಡುತ್ತಾರೆ! ಪಕ್ಕದ ಜಿಲ್ಲೆಯಲ್ಲಿ ನ್ಯಾಯಾಧೀಶರು, ಮನೆ ಲಿಂಗಸುಗೂರಿನಲ್ಲಿ. ನ್ಯಾಯಾಧೀಶನಾದವನು ಯಾವ ಪಕ್ಷಕ್ಕೂ ಹಣ ಕೊಡಬಾರದು, ಕೂಡಿಸಬಾರದು, ಕೂಡಿಸುವವರಿಗೆ ತನ್ನ ಹೆಸರನ್ನೂ ಕೊಡಬಾರದು ಎಂಬುದು ಅವರ ವ್ರತ. ಒಳ್ಳೆಯದೇ. ಆದರೆ ವ್ರತ ಅವರದು, ಉಪವಾಸ ನಮ್ಮದು! ಅವರ ಪರವಾಗಿ ಬಂಧುಬಳಗದ ಕ್ಷಮೆ ಕೇಳಿ ಕೇಳಿ ನನಗೆ ಸಾಕಾಗಿದೆ.

ಸಿಂಧನೂರಿನ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆವು. ಪಕ್ಕದ ಎಲೆಗೆ ಒಬ್ಬ ಪುಢಾರಿ ಬಂದ. ಮಾವ ಅರ್ಧ ಹೋಳಿಗೆ ಕೈಯಲ್ಲಿ ಹಿಡಿದೇ ಎದ್ದು, ಅಡುಗೆಯವರ ನಡುವೆ ಹೋಗಿ ಕುಳಿತರು.

“ಮಾಮಾ, ಅಂವ ಉಣ್ಣಾಕ ಬಂದಾನ್ರಿ!” ಎಂದೆ.

“ಉಂಡ ಮ್ಯಾಲೆ ಏನ್ ತೆಗೀತಾನ ನೋಡು.”

ಪುಢಾರಿ ಕೈ ತೊಳೆದು ಜೇಬಿಗೆ ಕೈ ಹಾಕಿದ. ಕರವಸ್ತ್ರ ಇರಬೇಕು ಅಂದುಕೊಂಡೆ. ಚಂದಾ ಪುಸ್ತಕ! ಮೊದಲ ರಸೀದಿ ಹರಿದದ್ದು ನನ್ನ ಹೆಸರಿಗೇ.

ಇಂಥವರ ಅಕ್ಕನ ಗಂಡ, ಅಂದರೆ ನಮ್ಮಪ್ಪ, ಮಸ್ಕಿಯಲ್ಲಿ ಪುರಸಭೆ ಚುನಾವಣೆಗೆ ನಿಂತರೆ ಏನಾಗಬೇಡ? ಪಕ್ಷಕ್ಕೆ ನಿಧಿ ಕೂಡಿಸಲು ಅಪ್ಪನ ಕಡೆಯವರು ಒಂದು ಊಟ ಇಟ್ಟುಕೊಂಡು, ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಕಟ್ಟಿಸಿದರು. ನಮ್ಮ ಕಡೆ ಫ್ಲೆಕ್ಸಿನಲ್ಲಿ ಕೂಸಿನಿಂದ ಮುದುಕರವರೆಗೆ ಇಡೀ ಮನೆತನದ ಮುಖ ಇರಲೇಬೇಕು. ಮಾವನದನ್ನೂ ಹಳೆಯ ಮದುವೆ ಫೋಟೋದಿಂದ ಎತ್ತಿ, ಕೆಳಗೆ ‘ಶುಭ ಕೋರುವವರು’ ಎಂದು ಹಾಕಿಬಿಟ್ಟರು. ಆ ಫೋಟೋದಲ್ಲಿ ಪಕ್ಕಕ್ಕಿದ್ದ ಅವ್ವ ಕತ್ತರಿಗೆ ಹೋಗಿದ್ದಳು; ತಮ್ಮನ ಹೆಗಲ ಮೇಲಿಟ್ಟ ಅವಳ ಹಸಿರು ಬಳೆಯ ಕೈ ಮಾತ್ರ ಉಳಿದಿತ್ತು.

ಮರುದಿನ ಮೊದಲ ಬಸ್ಸಿಗೇ ಮಾವ ಹಾಜರ್! ಏಣಿ ಇಸಿದುಕೊಂಡು, ಬ್ಲೇಡು ಹಿಡಿದು ಹತ್ತಿದರು.

“ಸಾಹೇಬ್ರ, ಯಾರ ಮಾರಿ ಕೊಯ್ಯಾಕತ್ತೀರಿ?” ಚಹದಂಗಡಿಯವನು ಕೂಗಿದ.

“ನಂದ!”

ಅಷ್ಟರಲ್ಲಿ ಅಪ್ಪ ಓಡಿಬಂದರು. “ನಾ ರೊಕ್ಕ ಕೇಳಿದ್ನೇನು? ಒಂದು ಮಾರಿ ಕೊಡಾಕ ಆಗೂದಿಲ್ಲ?”

“ನನ್ನ ಮಾರಿ ನೋಡಿ ಯಾವನರ ರೊಕ್ಕ ಕೊಟ್ಟ ಅನ್ರಿ. ನಾಳೆ ಅವನ ಕೇಸು ನನ್ನ ಮುಂದ ಬಂದ್ರ ಏನ್ ಮಾಡ್ಲಿ? ಚುನಾವಣಿ ಮುಗಿಯೂತನಕ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ.”

ತಮ್ಮ ಮುಖವನ್ನು ಸುರುಳಿ ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

ಎಂಟೇ ದಿನಕ್ಕೆ ನಾಗರ ಪಂಚಮಿ. ಅಕ್ಕನನ್ನು ತವರಿಗೆ ಕರೆಯಲು ಮಾವ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ನಮ್ಮ ಪಡಸಾಲೆಯೇ ಪಕ್ಷದ ಕಚೇರಿ. ಅವ್ವ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು, ಚೀಲ ತುಂಬಿಕೊಂಡು ಬಾಗಿಲಲ್ಲಿ ಕುಳಿತಳು.

“ಬರೂದಿಲ್ಲ ಬಿಡು ಅಂವ,” ಎಂದರು ಅಪ್ಪ.

ಅವ್ವ ಚೀಲದ ಜಿಪ್ಪು ತೆಗೆಯುತ್ತಿದ್ದಳು, ಮುಚ್ಚುತ್ತಿದ್ದಳು. ನನಗೆ ಮಾವನ ಮೇಲೆ ನಿಜಕ್ಕೂ ಸಿಟ್ಟು ಬಂತು. ಅಕ್ಕನಿಗಿಂತ ದೊಡ್ಡ ನಿಯಮ ಯಾವುದಯ್ಯಾ?

ಹನ್ನೊಂದರ ಹೊತ್ತಿಗೆ ನೋಡಿದರೆ, ರಸ್ತೆಯ ಆಚೆ ರಣಬಿಸಿಲಲ್ಲಿ ಮಾವ ಕೊಡೆ ಹಿಡಿದು ನಿಂತಿದ್ದಾರೆ!

“ಒಳಗ ಬಾರೋ!” ಎಂದಳು ಅವ್ವ.

“ಒಳಗ ಚಂದಾ ನಡದೈತಿ. ನೀ ಹೊರಗ ಬಾ ಅಕ್ಕಾ.”

ಚೀಲ ಹೊತ್ತು ನಾನೂ ಲಿಂಗಸುಗೂರಿಗೆ ಹೋದೆ. ಸೀರೆ ಇಡಲು ಅವ್ವ ಮಾವನ ಕಪಾಟು ತೆರೆದಳು. ಬಾಗಿಲ ಒಳಮೈಗೆ ಫ್ಲೆಕ್ಸಿನ ತುಂಡೊಂದನ್ನು ಅಂಟಿಸಿದ್ದರು. ತಮ್ಮ ಮುಖವನ್ನು ಕತ್ತರಿಸಿ ತೆಗೆದಿದ್ದರು. ಇದ್ದದ್ದು ಒಂದು ಹೆಗಲು, ಅದರ ಮೇಲೆ ಹಸಿರು ಬಳೆಯ ಕೈ.

“ಇದನ್ಯಾಕ ಇಟ್ಕೊಂಡೀಯೋ?” ಅವ್ವ ಆ ಬಳೆಯ ಮೇಲೆ ಬೆರಳಾಡಿಸಿದಳು.

“ಅದು ಪಕ್ಷದ್ದಲ್ಲಕ್ಕಾ,” ಎಂದರು ಮಾವ. “ನಂದು.”